ಫೋಟೋ ಚೆನ್ನಾಗೈತೆ, ಆದ್ರೆ...

ನನ್ನ ಫೋಟೋ ಯಾರಿಗೇ ತೋರಿಸಲಿ, ಅವರು ಫೋಟೋ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಾರೆ. ಒಂದು ಸಲ ಆದರೆ ಸರಿ, ಎರಡು ಸಲ ಆದರೆ ಸರಿ. ಇದು ಮುಗಿಯುವ ಹಾಗೇ ಕಾಣುತ್ತಿಲ್ಲ.

ನಾನು ರಾಮನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ಇಪ್ಪತ್ತಾರು ವರ್ಷ ಮಕ್ಕಳ ನೋಟ್‌ಬುಕ್ಕಿನ ಮೇಲೆ ಕೆಂಪು ಇಂಕು ಸುರಿದ ಪಾಪವೋ ಏನೋ, ಐವತ್ತರ ಹತ್ತಿರ ಬಂದಮೇಲೆ ಬೀದಿಯಲ್ಲಿ ಹೋಗೋರ ಬರೋರ ಫೋಟೋ ತೆಗೆಯುವ ಹುಚ್ಚು ಹತ್ತಿತು. ಸುತ್ತಿನ ನಾಲ್ಕು ಊರಿನ ಎಂಟು ಹುಚ್ಚರ ಒಂದು ಗುಂಪಿದೆ. ಹಲ್ಲಿನ ಡಾಕ್ಟರೊಬ್ಬರು ಅದಕ್ಕೆ ಹಿರಿಯರು. ಭಾನುವಾರ ಹೋಟೆಲಿನಲ್ಲಿ ಕೂತು ಒಬ್ಬರ ಫೋಟೋಗೆ ಇನ್ನೊಬ್ಬರು ಅಭಿಪ್ರಾಯ ಹೇಳಬೇಕು. ವರ್ಷಕ್ಕೊಮ್ಮೆ ಚನ್ನಪಟ್ಟಣದಲ್ಲಿ ಪ್ರದರ್ಶನ, ತಲೆಗೊಂದು ಫೋಟೋ. ಫೋಟೋದಲ್ಲಿ ಇರುವವರು ಒಪ್ಪಿದರೆ ಮಾತ್ರ ಅದು ಗೋಡೆಗೆ ಹೋಗುವುದು.

ಎರಡು ವರ್ಷ ನನ್ನದು ಗೋಡೆ ಹತ್ತಲಿಲ್ಲ. ಈ ವರ್ಷವೂ ಹತ್ತದಿದ್ದರೆ ಗುಂಪು ಬಿಟ್ಟೇ ಬಿಡುತ್ತೇನೆ ಅಂತ ಮನೆಯವರ ಹತ್ತಿರ ಶಪಥ ಮಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ ಚೆನ್ನಾಗಿದೆ ಅಂದರು. ನಾನಿನ್ನೂ ಫೋಟೋನೇ ತೋರಿಸಿರಲಿಲ್ಲ.

ಗೂಡಿನ ಮಾರ್ಕೆಟ್ಟು

ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ಸಾಬರೊಬ್ಬರು ಒಂದು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಕಿಟಕಿಯ ಬೆಳಕು ಗಡ್ಡದ ಮೇಲೆ, ತುಟಿಯಲ್ಲಿ ಸಣ್ಣ ನಗು. ಕ್ಲಿಕ್ಕಿಸಿ, ಅಲ್ಲೇ ತೋರಿಸಿ, ಹೇಗಿದೆ ಅಂತ ಕೇಳಿದೆ.

ಅವರು ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ಮುಂದಿದ್ದ ಗೂಡಿನ ರಾಶಿಯನ್ನೇ ನೋಡಿದರು. ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು ಜಾಸ್ತಿ ಐತೆ, ಇದರಲ್ಲಿ ನೂಲು ಸರಿಯಾಗಿ ಬರಲ್ಲ ಅಂದರು. ಬೆಳಕು ಹೇಗಿದೆ ಅಂದೆ. ಬೆಳಕಲ್ಲೂ ಅಷ್ಟೇ ಅಂದರು. ಹೋಗಲಿ, ನಿಮ್ಮ ನಗು ಹೇಗೆ ಬಂದಿದೆ ನೋಡಿ ಅಂದೆ ನೋಡಿ, ಸಾಬರ ಮುಖ ಪೆಚ್ಚಾಯಿತು.

“ಅಳಿಸ್ಬುಡಿ ಮೇಡಂ. ಮಾಲ್ ನೋಡೋವಾಗ ನಗೋ ಹಂಗಿಲ್ಲ. ನಾನ್ ನಕ್ಕಿದ್ ಕಂಡ್ರೆ ಹರಾಜಲ್ಲಿ ಪಕ್ಕದೋರು ರೇಟ್ ಏರಿಸ್ತಾರೆ.”

ನನಗೆ ತಲೆ ಕೆಟ್ಟುಹೋಯಿತು. ಅಷ್ಟೊಂದು ಡಬಲ್ ಗೂಡಿದ್ದರೆ ನಗು ಯಾಕೆ ಬಂತು ಅಂತ ಕೇಳಿದೆ. ಸಾಬರು ಆಚೀಚೆ ನೋಡಿ, ದನಿ ಇಳಿಸಿ, ಅಷ್ಟೇನೂ ಇಲ್ಲ, ಕೊಳ್ಳೋವರೆಗೂ ಹಂಗೇ ಅನ್ಬೇಕು ಅಂದರು. ಫೋಟೋ ಅಳಿಸಿ ಮನೆಗೆ ಬಂದೆ.

ಅಲುಗಿದ ಕೈ

ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರ ಅಂಗಡಿಯಲ್ಲಿ ಲೇತಿನ ಮೇಲೆ ತಿರುಗುವ ಬುಗುರಿಗೆ ಬಣ್ಣ ಹಿಡಿಯುತ್ತಿದ್ದ ಅವರ ಕೈಯ ಫೋಟೋ ತೆಗೆದೆ. ಕೈಯೂ ಬುಗುರಿಯೂ ಮಸಕು ಮಸಕು. ತಪ್ಪಾಯಿತು ಅಂತ ಹೆದರಿಕೊಂಡೇ ಗುಂಪಿಗೆ ತೋರಿಸಿದರೆ, ಚಲನೆ ಇದೆ, ಜೀವ ಇದೆ ಅಂತ ಡಾಕ್ಟರು ಹೊಗಳಿದ್ದೂ ಹೊಗಳಿದ್ದೇ.

ಒಪ್ಪಿಗೆ ಕೇಳಲು ಪ್ರಿಂಟು ಹಿಡಿದು ಹೋದೆ. ಬೊಂಬೆಯವರು ಕನ್ನಡಕ ಹಾಕಿಕೊಂಡು ನೋಡಿ, ಕೈ ಅಲುಗಿದೆಯಲ್ಲ ಅಂದರು. ಮೂವತ್ತು ವರ್ಷದಿಂದ ಒಂದು ದಿನವೂ ಅಲುಗದ ಕೈಯಂತೆ ಅದು. ಗಿರಾಕಿಗಳು ನೋಡಿದರೆ ಏನಂದುಕೊಂಡಾರು ಅಂತ ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಅಲುಗಿದ್ದರಿಂದಲೇ ಫೋಟೋಗೆ ಜೀವ ಬಂದಿದೆ ಅಂತ ಡಾಕ್ಟರು ಹೇಳಿದ್ದಾರೆ ಅಂದೆ. ಯಾವ ಡಾಕ್ಟರು ಅಂದರು. ಹಲ್ಲಿನ ಡಾಕ್ಟರು ಅಂದೆ.

“ಹಲ್ ಕೀಳೋವಾಗ ಅವ್ರ ಕೈ ಹಿಂಗ್ ಅಲುಗುದ್ರೆ ನೀವು ಬಾಯಿ ತೆಗೀತೀರಾ?”

ಪ್ರಿಂಟು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಹತ್ತಕ್ಕೆ ಆರು

ಒಂದು ಭಾನುವಾರ ಅಭಿಪ್ರಾಯ ಹೇಳುವ ಸರದಿ ನನ್ನದು. ಕನಕಪುರದ ಬ್ಯಾಂಕ್ ಕ್ಲರ್ಕ್ ಒಬ್ಬರು ಅವರೂರಿನ ಬಸ್ ಸ್ಟ್ಯಾಂಡಿನಲ್ಲಿ ತೆಗೆದ ಫೋಟೋ ಇಟ್ಟರು. ಒಂದು ಹಲಸಿನಹಣ್ಣಿನ ಬುಟ್ಟಿ, ಅದರ ಪಕ್ಕ ಒಬ್ಬ ಹೆಂಗಸಿನ ಎರಡು ಕಾಲು, ಮಿಕ್ಕಿದ್ದೇನೂ ಇಲ್ಲ. ಮೊದಲು ಎರಡು ಒಳ್ಳೆ ಮಾತು ಹೇಳಿ ಆಮೇಲೆ ತಪ್ಪು ಹೇಳಬೇಕು ಅಂತ ನಮ್ಮ ಗುಂಪಿನ ನಿಯಮ. ಹಲಸಿನಹಣ್ಣು ಚೆನ್ನಾಗಿದೆ ಅಂದೆ. ಒಸಿ ಯೋಚನೆ ಮಾಡಿ, ಬುಟ್ಟಿಯೂ ಚೆನ್ನಾಗಿದೆ ಅಂದೆ. ಆಮೇಲೆ ತಡೆಯಲಾರದೆ, ಆ ಹೆಂಗಸಿನ ತಲೆ ಎಲ್ಲಿ ಅಂತ ಕೇಳಿಬಿಟ್ಟೆ.

ಬೇಕಂತಲೇ ಬಿಟ್ಟಿದ್ದೀನಿ ಮೇಡಂ ಅಂದರು. ಬೇಕಂತಲೇ ತಪ್ಪು ಮಾಡಿದವರಿಗೆ ಮಾರ್ಕ್ಸ್ ಕೊಡುವುದು ಹೇಗೆ ಅಂತ ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿಲ್ಲ. ಅಭ್ಯಾಸಬಲ, ಪ್ರಿಂಟಿನ ಹಿಂದೆ ಕೆಂಪು ಪೆನ್ನಲ್ಲಿ ಹತ್ತಕ್ಕೆ ಆರು ಅಂತ ಬರೆದು ರೌಂಡು ಹಾಕಿ ಸಹಿಯನ್ನೂ ಮಾಡಿದ್ದೆ. ಡಾಕ್ಟರು ತಲೆ ಹಿಡಿದುಕೊಂಡರು. ಕ್ಲರ್ಕು ಮಾತ್ರ ಮೆಲ್ಲಗೆ ನನ್ನ ಹತ್ತಿರ ಬಂದು, ಕಾಲಿಗಾದರೂ ಒಂದು ಮಾರ್ಕ್ಸ್ ಸೇರಿಸೋಕಾಗುತ್ತಾ ಅಂತ ಕೇಳಿದರು.

ಮಾಗಡಿಯಲ್ಲಿ ಸಿಕ್ಕಿದ ಯಜಮಾನರು

ಪ್ರದರ್ಶನಕ್ಕೆ ಫೋಟೋ ಒಪ್ಪಿಸಲು ಮೂರು ದಿನ ಇತ್ತು. ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಗುಡೇಮಾರನಹಳ್ಳಿಯ ಯಜಮಾನರೊಬ್ಬರು ರಾಗಿಮೂಟೆ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ತಲೆಗೆ ಟವಲ್ಲು, ಹುರಿಮೀಸೆ. ಕೇಳಿದೆ, ತೆಗಿಯವ್ವ ಅಂದರು, ತೆಗೆದೆ. ನನ್ನ ಕೈಯಲ್ಲಿ ಅಂಥ ಫೋಟೋ ಅದುವರೆಗೆ ಬಂದಿರಲಿಲ್ಲ.

ಡಾಕ್ಟರಿಗೆ ಕಳಿಸಿದೆ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಹಿಂದಿರುವ ಬಸ್ಸನ್ನೆಲ್ಲ ಅಳಿಸಿ ಕತ್ತಲು ಮಾಡಿ, ಮುಖ ಒಂದೇ ಇರಲಿ, ಕೆಳಗೆ ಹೆಸರು, ಊರು, ವಯಸ್ಸು ಹಾಕಿ ಅಂದರು. ಚಾಚೂ ತಪ್ಪದೆ ಮಾಡಿದೆ. ಈ ಸಲ ಗೋಡೆ ಖಾಯಂ ಅಂದರು. ಯಜಮಾನರು ಕೊಟ್ಟಿದ್ದ ಸೊಸೆಯ ನಂಬರಿಗೂ ಶನಿವಾರ ಒಂದು ಕಳಿಸಿದೆ. ಭಾನುವಾರ ಸಂಜೆಯೊಳಗೆ ಫೋಟೋ ಒಪ್ಪಿಸಬೇಕಿತ್ತು. ಬೆಳಿಗ್ಗೆಯೇ ಫ್ರೇಮ್ ಹಾಕಿಸಿದ ದೊಡ್ಡ ಪ್ರಿಂಟು ತಬ್ಬಿಕೊಂಡು ಒಪ್ಪಿಗೆ ಕೇಳಲು ಹಳ್ಳಿಗೆ ಹೋದೆ.

ಮನೆ ಮುಂದೆ ಆಗತಾನೇ ಒಂದು ಟೆಂಪೋ ನಿಂತಿತ್ತು. ಕೆಂಪಾಪುರದ ಕಡೆಯ ನೆಂಟರು ಅಳುತ್ತಾ ಇಳಿಯುತ್ತಿದ್ದರು. ಒಬ್ಬರ ಕೈಯಲ್ಲಿ ಸೇವಂತಿಗೆ ಹಾರ. ಮೂರು ದಿನದ ಹಿಂದೆ ಮೀಸೆ ತಿರುವಿ ಕೂತಿದ್ದ ಮನುಷ್ಯ ಹೋಗಿಬಿಟ್ಟರಾ ಅಂದುಕೊಂಡು ನಾನೂ ಅಳುತ್ತಾ ಅವರ ಹಿಂದೆ ಹೋದೆ.

ಬಾಗಿಲಲ್ಲಿ ಯಜಮಾನರ ಹೆಂಡತಿ ಪೊರಕೆ ಹಿಡಿದು ನಿಂತಿದ್ದರು. ಆಯಮ್ಮನಿಗೆ ಏನೂ ಗೊತ್ತಿಲ್ಲ. ಇಷ್ಟು ಜನ ಅಳುತ್ತಿದ್ದಾರೆ ಅಂದಮೇಲೆ ಹೊಲಕ್ಕೆ ಹೋದ ಗಂಡನಿಗೆ ಏನೋ ಆಗಿದೆ ಅಂದುಕೊಂಡು, ಪೊರಕೆ ಎಸೆದು ಅವರೂ ಶುರು ಮಾಡಿದರು. ಅಷ್ಟರಲ್ಲಿ ಯಜಮಾನರು ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದು, ಯಾರು ಹೋದ್ರು ಅಂತ ಕೇಳಿದರು.

ಹಾರ ಹಿಡಿದು ಬಂದಿದ್ದವರು ಆಯಮ್ಮನ ತಮ್ಮ. ಅವರು ಫೋನು ತೆಗೆದು ತೋರಿಸಿದರು. ಸೊಸೆ ಮಾವನ ಫೋಟೋ ಚೆನ್ನಾಗಿ ಬಂದಿದೆ ಅನ್ನೋ ಖುಷಿಗೆ ಸ್ಟೇಟಸ್ ಹಾಕಿಕೊಂಡಿದ್ದಳು. ಕಪ್ಪು ಬಿಳುಪು, ಸುತ್ತ ಕತ್ತಲು, ಕೆಳಗೆ ಹೆಸರು, ಊರು, ವಯಸ್ಸು. ಇಡೀ ಬಳಗ ಓಂ ಶಾಂತಿ ಅಂತ ಕಳಿಸಿತ್ತು. ಇದನ್ ಮಾಡ್ದೋರ್ ಯಾರು ಅಂತ ಆಯಮ್ಮನ ತಮ್ಮ ಗುಡುಗಿದರು. ಎಲ್ಲರೂ ಫ್ರೇಮ್ ತಬ್ಬಿಕೊಂಡು ನಿಂತಿದ್ದ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಟ್ಟಿದ್ದರೆ ಫ್ರೇಮ್ ಸಮೇತ ಇಳಿದುಹೋಗುತ್ತಿದ್ದೆ.

ಯಜಮಾನರು ಹೊರೆ ಇಳಿಸಿ, ಕೈ ಒರೆಸಿಕೊಂಡು, ಫ್ರೇಮ್ ಇಸ್ಕೊಂಡರು. ಜಗಲಿ ಮೇಲೆ ಕೂತು ಬಹಳ ಹೊತ್ತು ನೋಡಿದರು. ತಪ್ಪಾಯ್ತು ಅಜ್ಜ ಅಂದೆ.

“ತಪ್ಪೇನಿಲ್ಲ ಬುಡವ್ವ. ನಾನ್ ಹೋದ್ಮೇಲೆ ನನ್ ಮಗ ಆ ವೋಟರ್ ಕಾರ್ಡ್ ಫೋಟೋನೇ ದೊಡ್ದು ಮಾಡ್ಸಿ ಗೋಡೆಗಾಕ್ತಾನೆ ಅಂತ ದಿಗಿಲಿತ್ತು. ಅದ್ರಲ್ಲಿ ಕಳ್ಳನಂಗ್ ಕಾಣ್ತೀನಿ. ಇದ್ ಚೆಂದಾಗೈತೆ. ಇದ್ನ ಮಡಿಕತೀನಿ.”

ಅವತ್ತಿನವರೆಗೂ ಯಾರೂ ನನ್ನ ಫೋಟೋನ ಅಷ್ಟು ಹೊತ್ತು ನೋಡಿರಲಿಲ್ಲ. ಕಣ್ಣಲ್ಲಿ ನೀರೇ ಬಂತು. ಅದೇ ಧೈರ್ಯದಲ್ಲಿ ಚನ್ನಪಟ್ಟಣದ ಪ್ರದರ್ಶನಕ್ಕೆ ಒಪ್ಪಿಗೆ ಕೇಳಿದೆ. ಅಲ್ಲಿ ನೇತಾಕುದ್ರೆ ಇವರೆಲ್ಲ ಇನ್ನೊಂದು ಸಲ ಟೆಂಪೋ ಮಾಡಿಕೊಂಡು ಬರುತ್ತಾರೆ ಅಂದರು. ಫ್ರೇಮನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದರು. ಬಂದ ನೆಂಟರಿಗೆಲ್ಲ ಊಟಕ್ಕೆ ಎಲೆ ಬಿತ್ತು, ನನಗೂ ಬಿತ್ತು.

ಕೈ ತೊಳೆಯುವ ಹೊತ್ತಿಗೆ ಡಾಕ್ಟರ ಫೋನು ಬಂತು. ಫೋಟೋ ಎಲ್ಲಿ ಮೇಡಂ, ಗೋಡೆಯಲ್ಲಿ ಜಾಗ ಬಿಟ್ಟು ಕಾಯ್ತಾ ಇದ್ದೀವಿ, ಅವರು ಒಪ್ಪಲಿಲ್ವಾ ಅಂದರು.

“ಒಪ್ಪಿದ್ದಾರೆ ಸಾರ್. ಗೋಡೆಗೂ ಹಾಕ್ತಾರಂತೆ. ಅವರು ಹೋಗೋವರೆಗೂ ಕಾಯಬೇಕಂತೆ, ಅಷ್ಟೇ.”