ಜೊತೆಗೊಬ್ಬರು ಇರಲೇಬೇಕು

ಎಲ್ಲರನ್ನೂ ಅಣಕಿಸಿಕೊಂಡು ಬದುಕುವವನಿಗೆ ಕಾಯಿಲೆ ಬರಬಾರದು. ಬಂದರೂ ಇನ್ನೊಬ್ಬರ ಕೈ ಹಿಡಿದು ನಡೆಯಬೇಕಾದ ಕಾಯಿಲೆ ಬರಬಾರದು. ನನಗೆ ಅದೇ ಬಂದಿದೆ.

ಕಣ್ಣು ಕೈಕೊಟ್ಟದ್ದು ತಿಳಿದದ್ದು ಅಜ್ಜಂಪುರದ ಬಸ್‌ಸ್ಟ್ಯಾಂಡಿನ ದೆಸೆಯಿಂದ. ಕಡೂರಿನ ಬಸ್ಸೆಂದು ಹತ್ತಿದವನು ತರೀಕೆರೆಯಲ್ಲಿ ಇಳಿದೆ. ಬೋರ್ಡು ನೋಡಲಿಲ್ಲವೇ ಎಂದು ಕೇಳಿದ ಕಂಡಕ್ಟರಿಗೆ ಅವನದೇ ಮೂಗಿನ ದನಿಯಲ್ಲಿ ಉತ್ತರ ಕೊಟ್ಟೆ. ಬಸ್ಸೆಲ್ಲ ನಕ್ಕಿತು. ಬೋರ್ಡು ನನಗೆ ಕಂಡೇ ಇರಲಿಲ್ಲ ಎಂಬುದು ಆ ನಗುವಿನಲ್ಲಿ ಮುಚ್ಚಿಹೋಯಿತು. ಆಮೇಲೆ ಯೋಚಿಸಿದರೆ, ದೂರದಿಂದ ಬರುವವರ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ನಡಿಗೆ, ಕೆಮ್ಮು, ಚಪ್ಪಲಿಯ ಸದ್ದು ಇವುಗಳಿಂದಲೇ ಗುರುತು ಹಿಡಿಯುತ್ತಿದ್ದೆ. ಊರಿನವರು ಅದನ್ನು ಕಲೆ ಎಂದರು. ಚಪ್ಪಾಳೆ ಬಿದ್ದ ಮೇಲೆ ನಾನೂ ನಂಬಿದೆ.

ಕಡೂರಿನ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಲು ಫೋನ್ ಮಾಡಿದಾಗ, ಅಲ್ಲಿದ್ದ ಹುಡುಗಿ ಮದುವೆಗೆ ಕರೆದಷ್ಟು ನಯವಾಗಿ ಹೇಳಿದಳು: ಕಣ್ಣಿನ ಒಳಪರದೆ ನೋಡಲು ಹನಿ ಹಾಕಬೇಕು, ಹಾಕಿದ ಮೇಲೆ ಒಂದಷ್ಟು ಹೊತ್ತು ಎಲ್ಲ ಮಂಜು, ಜೊತೆಗೊಬ್ಬರು ಇರಲೇಬೇಕು, ಇಲ್ಲದಿದ್ದರೆ ಹನಿಯೂ ಇಲ್ಲ, ಪರೀಕ್ಷೆಯೂ ಇಲ್ಲ.

ನಮ್ಮ ಕಡೆ ಒಬ್ಬರು ಆಸ್ಪತ್ರೆಗೆ ಹೊರಟರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಅಜ್ಜಿಯ ಹಲ್ಲು ಕೀಳಿಸಲು ಒಂದು ಟೆಂಪೋ ತುಂಬ ಹೋಗಿದ್ದೆವು. ನನ್ನ ಸರದಿ ಬಂದಾಗ ಎಲ್ಲರಿಗೂ ಕೆಲಸ. ಭಾವನಿಗೆ ತೆಂಗಿನಕಾಯಿ ಸುಲಿಸುವುದಿತ್ತಂತೆ. ಅವರು ಪಾಯಸ ಸೊರ್ರೆಂದು ಹೀರುವ ಸದ್ದನ್ನು ಅವರದೇ ಬೀಗರೂಟದಲ್ಲಿ ಮಾಡಿ ತೋರಿಸಿದವನು ನಾನು. ದೊಡ್ಡಮ್ಮ ಸಖರಾಯಪಟ್ಟಣದ ಮಗಳ ಮನೆಗೆ ಹೊರಟುಬಿಟ್ಟರು. ಅಳು ಬರುವ ಮೊದಲೇ ಸೆರಗು ಹುಡುಕುವ ಅವರ ಪರಿ ನನ್ನ ಹೆಸರುವಾಸಿ ಐಟಂ. ಅಮ್ಮನಿಗೆ ಮಂಡಿನೋವು, ಬಸ್ಸು ಹತ್ತಲಾರಳು.

"ನೀ ಮಾಡಿದ್ಕೆಲ್ಲ ಬಿದ್ದು ಬಿದ್ದು ನಕ್ಕೋರು ಎಲ್ಲೋದ್ರೋ? ಅವ್ರನ್ನೇ ಕರ್ಕೊಂಡೋಗು" ಎಂದಳು.

ಕೊನೆಗೆ ಒಪ್ಪಿದವರು ಚಿಕ್ಕಪ್ಪ. ಎಡಗಾಲು ಎಳೆದು ನಡೆಯುವ ಚಿಕ್ಕಪ್ಪ. ಆ ನಡಿಗೆಯನ್ನು ನಾನು ಮಾಡಿ ತೋರಿಸದ ಸಮಾರಂಭ ನಮ್ಮ ವಂಶದಲ್ಲಿ ನಡೆದಿಲ್ಲ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಾರಣ ಹೊರಬಿತ್ತು.

"ಲೇ, ಹನಿ ಬಿಟ್ಮೇಲೆ ನೀ ಹೆಂಗೆ ನಡೀತೀಯ ಅಂತ ನೋಡ್ಕೊಬೇಕು ಕಣೋ. ಮುಂದಿನ ತಿಂಗ್ಳು ನಾಮಕರಣದಾಗೆ ನಾನೂ ಒಂದ್ಸಲ ಮಾಡಿ ತೋರಿಸ್ತೀನಿ. ಈಗ್ಲೇ ಒಸಿ ಮಾಡು, ಕಲ್ತ್ಕೊತೀನಿ."

ಸೋಲಬಾರದೆಂದು ಕೈ ಚಾಚಿ, ಕಾಲಲ್ಲಿ ನೆಲ ತಡವಿಕೊಂಡು, ನಿಂತಿದ್ದ ಬಸ್ಸಿನವರೆಗೆ ನಡೆದೆ. ಕಲ್ಲುಬೆಂಚಿನ ಮೇಲೆ ಕೂತಿದ್ದವರು ನಕ್ಕರು. ಚಿಕ್ಕಪ್ಪ ಬಸ್ಸಿನ ಬೋರ್ಡು ಓದು ಎಂದರು. ಕಡೂರು ಎಂದೆ.

"ಇದು ತರೀಕೆರೆದು ಕಣೋ ಮಗಾ" ಎಂದು ಮೆಲ್ಲಗೆ ಹೇಳಿ ನನ್ನ ತೋಳು ಹಿಡಿದರು. ನಾಮಕರಣದ ಮಾತು ಮತ್ತೆ ಎತ್ತಲಿಲ್ಲ.

ಕಡೂರಿನ ಬಸ್ಸು ಆಚೆ ತುದಿಯಲ್ಲಿತ್ತು. ಎಡವದಿರಲೆಂದು ಅವರ ಎಳೆಯುವ ಹೆಜ್ಜೆಗೆ ಸರಿಯಾಗಿ ನನ್ನ ಹೆಜ್ಜೆಯನ್ನೂ ಎಳೆಯುತ್ತ ನಡೆದೆ. ಕಲ್ಲುಬೆಂಚಿನವರು, ಶುರು ಹಚ್ಕೊಂಡ ನೋಡು ಎನ್ನುತ್ತ, ಇನ್ನೂ ಜೋರಾಗಿ ನಕ್ಕರು.