ಅಟ್ಟದ ಮೇಲೆ ಒಣಗಿದ ಬುದ್ಧಿ

ಹೊಗೆಯ ವಿಚಾರದಲ್ಲಿ ನನಗಿದ್ದಷ್ಟು ಜ್ಞಾನ ನಮ್ಮೂರು ಹಾಲ್ಕುರಿಕೆಯಲ್ಲಿ ಇನ್ನಾರಿಗೂ ಇಲ್ಲವೆಂದು ನಾನು ಬಲವಾಗಿ ನಂಬಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳ ಕೂಸು ಒಮ್ಮೆ ರಾಗ ತೆಗೆದರೆ ಊರಿಗೇ ಕೇಳುತ್ತಿತ್ತು. ಹೀಗಾಗಿ ಓದು ಮತ್ತು ನಿದ್ದೆ ಎಂಬ ಎರಡು ಮಹತ್ಕಾರ್ಯಗಳಿಗಾಗಿ ನಾನು ಅಡುಗೆಮನೆಯ ಮೇಲಿನ ಅಟ್ಟವನ್ನು ಆರಿಸಿಕೊಂಡೆ.

ನಮ್ಮ ಕಡೆ ಅಟ್ಟವಿರುವುದು ತೆಂಗಿನಕಾಯಿಗೆ. ಸುಲಿಯದ ಕಾಯಿಗಳನ್ನು ಅಲ್ಲಿ ರಾಶಿ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಕೆಳಗಿನ ಒಲೆಯ ಹೊಗೆ ಸಂದಿಗಳಿಂದ ಮೇಲೇರಿ ಕಾಯಿಗೆ ತಾಗುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ.

“ಅಲ್ಲಿ ಬರೀ ಹೊಗೆ ಕಣಪ್ಪ. ನಿದ್ದೆ ಬರಾಕಿಲ್ಲ, ಬುಡು” ಎಂದಳು ಅವ್ವ.

“ಹೊಗೆ ಕುಡಿದ ಕೊಬ್ಬರಿ ಕೆಡ್ತದೇನವ್ವ? ತಲೆನೂ ಹಂಗೇ. ಹೊಗೆ ತಾಗಿದ್ರೆ ಓದಿದ್ದು ಗಟ್ಟಿಯಾಗಿ ಕೂರ್ತದೆ!”

ಅವ್ವ ನನ್ನನ್ನೊಮ್ಮೆ ನೋಡಿ ಒಲೆಗೆ ಇನ್ನೊಂದು ತೆಂಗಿನ ಮಟ್ಟೆ ತುರುಕಿದಳು. ಬಾಣಂತಿಯ ನೀರು, ಕಷಾಯ ಎಂದು ಆ ಒಲೆ ಆರುತ್ತಲೇ ಇರಲಿಲ್ಲ.

ನಿದ್ದೆ ನನ್ನ ಹತ್ತಿರ ಬಂದು, ಕೆಮ್ಮಿ, ಹಿಂದಿರುಗುತ್ತಿತ್ತು. ಬೆಳಗ್ಗೆ ಎದ್ದರೆ ತಲೆ ಭಾರ, ಕಣ್ಣು ಕೆಂಪು. ಪುಸ್ತಕದ ಹಾಳೆ ಮಗುಚಿದರೆ ಹಿಂದಿನ ಹಾಳೆಯಲ್ಲಿದ್ದುದು ಮಂಗಮಾಯ! ಒಂದು ದಿನ ಸೈಕಲ್ಲಿನಲ್ಲಿ ತಿಪಟೂರಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬಂದೆ. ಸೈಕಲ್ ಕಳುವಾಯಿತೆಂದು ಊರೆಲ್ಲ ಗುಲ್ಲೆಬ್ಬಿಸಿದೆ. ಮಾರನೆಯ ವಾರ ರಾಗಿ ಹೊತ್ತು ಗಿರಣಿಗೆ ಹೋದವನು ಅಲ್ಲಿ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಅದೇ ರಾಗಿಯನ್ನು ಹೊತ್ತು ತಂದು “ತಗೋ ಹಿಟ್ಟು” ಎಂದೆ.

“ಓದೀ ಓದೀ ಹಿಂಗಾಗವ್ನೆ” ಎಂದು ಅಪ್ಪ ಹೆಮ್ಮೆಪಟ್ಟರು. ನಾನೂ ಪಟ್ಟೆ.

ಇಷ್ಟರಲ್ಲಿ ಬಿಳಿಗೆರೆಯ ಗಿರಿಜೆಯನ್ನು ನೋಡುವ ದಿನ ಬಂತು. ಮುದುಕಿಯೊಬ್ಬಳನ್ನು ಬಸ್ಸಿನಿಂದ ಇಳಿಸಲು ಹೊರಟ ಕಂಡಕ್ಟರನಿಗೆ ಈ ಹುಡುಗಿ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ನೀರಿಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಂದಿನಿಂದ ಅವಳ ಜಪವೇ. ಆದರೆ ಕನ್ಯಾಮಣಿಗೆ ನನ್ನ ಗುರುತೂ ಇರಲಿಲ್ಲ. ಸೋದರಮಾವನ ಕಾಲು ಹಿಡಿದು ಈ ಸಂಬಂಧ ಕೇಳಿಸಿದ್ದೆ. ಇದು ತಪ್ಪಿದರೆ ಸನ್ಯಾಸವೇ ಗತಿ ಎಂದು ಘೋಷಿಸಿಯೂ ಆಗಿತ್ತು.

ಹುಡುಗಿಯ ಅಪ್ಪ ಕೊಬ್ಬರಿ ವ್ಯಾಪಾರಿ. ಉಪ್ಪಿಟ್ಟು ಕೊಡಿಸಿ ಕೇಳಿದರು: “ಏನು ಓದ್ತಿದ್ದೀರಪ್ಪ?”

ಉತ್ತರ ಗೊತ್ತಿತ್ತು. ತಲೆಯೊಳಗೆ ಎಲ್ಲೋ ಇತ್ತು. ಹೊರಗೆ ಬರಲೊಲ್ಲದು! ಬಾಯಿ ತೆರೆದೆ. ಆಕಳಿಕೆ ಬಂತು.

“ಹೋಗ್ಲಿ, ನಿಮ್ಮ ಹೆಸರು?”

ನಾನು ಪಕ್ಕದಲ್ಲಿ ಕೂತಿದ್ದ ಮಾವನ ಮುಖ ನೋಡಿದೆ.

“ಚಂದ್ರಶೇಖರ ಅಂತ. ಶಾನೆ ನಾಚಿಕೆ ಕಣ್ರೀ ಇವನಿಗೆ” ಎಂದ ಮಾವ, ನನ್ನ ತೋಳು ಹಿಡಿದು ಹಿತ್ತಲಿಗೆ ದಬ್ಬಿದ. “ಹುಡುಗಿ ಬರಾಗಂಟ ತೋಟದ ಗಾಳೀಲಿ ನಿಂತ್ಕಂಡು ಹೆಸರು ನೆಪ್ಪು ಮಾಡ್ಕಳ್ಲಾ!”

ತೋಟದ ಬದುವಿನ ಹಲಸಿನ ಮರದಡಿ ಹಗ್ಗದ ಮಂಚವಿತ್ತು. ಒಂದು ಗಳಿಗೆ ಕೂರೋಣವೆಂದು ಕೂತೆ. ಅಷ್ಟೇ ನೆನಪು.

ಎದ್ದಾಗ ಬಿಸಿಲು ಓರೆಯಾಗಿತ್ತು. ಕಣ್ಣು ಬಿಟ್ಟವನು ಬೆರಗಾಗಿ ಹಾಗೇ ಮಲಗಿದ್ದೆ. ತೆಂಗಿನ ಒಂದೊಂದು ಗರಿಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕಾಲುವೆಯ ಹಸಿ ಮಣ್ಣಿನ ವಾಸನೆ ಎದೆಯ ತಳಕ್ಕೆ ಇಳಿಯುತ್ತಿತ್ತು. ಎದೆಗೆ ತಳವೊಂದಿದೆ ಎಂಬುದೇ ಮರೆತುಹೋಗಿತ್ತು! ಆಮೇಲೆ, ಯಾರೂ ಕರೆಯದೆ, ಓದಿದ್ದೆಲ್ಲ ಬರತೊಡಗಿತು. ರಸಾಯನಶಾಸ್ತ್ರದ ಸೂತ್ರಗಳು ಬಂದವು. ಹೈಸ್ಕೂಲಿನ ಪದ್ಯ ಬಂತು. ಸೈಕಲ್ಲನ್ನು ಯಾವ ಅಂಗಡಿಯ ಗೋಡೆಗೆ ಒರಗಿಸಿದ್ದೆನೆಂಬುದೂ ಬಂತು. ಅಬ್ಬಾ, ಇಷ್ಟೆಲ್ಲ ನನ್ನೊಳಗೇ ಇತ್ತೇ? ಸುಮ್ಮನೆ ಬೀಸುವ ಗಾಳಿ ಒಂದೇ ನಿದ್ದೆಯಲ್ಲಿ ಮನುಷ್ಯನನ್ನು ಅವನಿಗೇ ಮರಳಿಸುತ್ತದೆಯೇ? ನನಗೆ ಅಳು ಬಂದುಬಿಟ್ಟಿತು. ಆ ತೋಟಕ್ಕೆ ನಿಜವಾಗಿ ಕೈಮುಗಿದೆ.

ಮುಗಿದ ಕೈ ಬಿಡಿಸಿ ಒಳಗೆ ಓಡಿದೆ. “ಚಂದ್ರಶೇಖರ! ಬಿ.ಎಸ್ಸಿ.! ಕೊನೆಯ ವರ್ಷ!”

ನಡುಮನೆಯಲ್ಲಿ ಮಾವ ಒಬ್ಬನೇ ಕೂತಿದ್ದ.

“ಶಾಸ್ತ್ರ ಮುಗೀತು, ನಡಿ.”

“ನಾನು ಹುಡುಗೀನ ನೋಡ್ಲೇ ಇಲ್ವಲ್ಲ ಮಾವ!”

“ನೀ ನೋಡ್ಲಿಲ್ಲ. ಅವಳೇ ನಿನ್ನ ನೋಡಿದ್ಲು. ಎಬ್ಬಿಸ್ಬ್ಯಾಡಿ ಅಂದು, ಮಂಚದ ತಾವ ಬಾಳ ಹೊತ್ತು ನಿಂತಿದ್ಲು. ನೀನು ಬಾಯಿ ಬುಟ್ಕಂಡು ಗೊರಕೆ ಹೊಡೀತಿದ್ದೆ.”

ನಾನು ಮಾವನ ತೋಳು ಹಿಡಿದೆ. “ಏನಂದ್ಲು?”

“ಅದೇ ನಂಗೂ ಅರ್ಥ ಆಗ್ನಿಲ್ಲ ಕಣ್ಲಾ. ಒಪ್ಪಿಗೆ ಅಂದ್ಲು!”

ಅಟ್ಟವನ್ನು ಕಾಯಿಗಳಿಗೇ ಬಿಟ್ಟುಕೊಟ್ಟೆ. ತೋಟದಲ್ಲಿ ಓದಿ ಪಾಸಾದೆ. ಮದುವೆಯೂ ಆಯಿತು. ಅಂದಿನಿಂದ ನಾನು ಗಾಳಿಯ ಭಕ್ತ. ಯಾರ ಮನೆಯಲ್ಲಿ ಹೊಗೆ ಎದ್ದರೂ ಹೋಗಿ, ಹೊಗೆ ನಿದ್ದೆಯನ್ನು ಹೇಗೆ ಕದಿಯುತ್ತದೆ, ಎಳೆಯ ವಯಸ್ಸಿನ ಮಿದುಳನ್ನು ಹೇಗೆ ಒಣಗಿಸುತ್ತದೆ ಎಂದು ಸವಿಸ್ತಾರವಾಗಿ ಉಪನ್ಯಾಸ ಮಾಡುತ್ತೇನೆ. ಮೊನ್ನೆ ಪಕ್ಕದ ಮನೆಯವರು ನಾನು ಬರುವುದನ್ನು ಕಂಡು ಬಾಗಿಲು ಹಾಕಿಕೊಂಡರು. ಬೇಸರದಿಂದ ಮನೆಗೆ ಬಂದು ಗಿರಿಜೆಯನ್ನು ಕೇಳಿದೆ: “ಅವತ್ತು ನನ್ನಲ್ಲಿ ಏನು ಕಂಡು ಒಪ್ಪಿದೆ ಕಣೇ?”

“ಮಾತಿಲ್ಲ, ಕತೆಯಿಲ್ಲ, ಕೂಸಿನಂಗೆ ಮಲಗಿದ್ರಿ. ಇವರ ಜೊತೆ ಬಾಳ್ಬೋದು ಅನ್ನಿಸ್ತು” ಎಂದಳು ಗಿರಿಜೆ. “ನಾನು ಒಪ್ಪಿದ್ದು ಮಲಗಿದ್ದೋರ್ನ ಕಣ್ರೀ. ಎದ್ದಿರೋರ್ನ ನಂಗೆ ಯಾರು ತೋರಿಸಿದ್ರು?”

ನಾನು ಹೋಗಿ ಚಾಪೆ ಹಾಸಿಕೊಂಡು ಮಲಗಿದೆ.