ಮತ್ರಾದಲ್ಲೊಂದು ವಿರೋಧ ಪಕ್ಷ

ಅಮೆರಿಕದ ಚುನಾವಣೆಗಳು ಹೇಗೋ ನಡೆದು ಮುಗಿಯುತ್ತಿದ್ದರೆ ಅದಕ್ಕೆ ಕಾರಣ ಒಂದೇ: ನನ್ನ ಸೋದರಮಾವನಿಗೆ ಅಲ್ಲಿ ಮತದಾನದ ಹಕ್ಕಿಲ್ಲ! ಇದ್ದಿದ್ದರೆ ಮತಗಟ್ಟೆಯ ಅಧಿಕಾರಿಯನ್ನೇ ಎದುರು ಕೂರಿಸಿಕೊಂಡು, "ಅದು ಇರಲಿ ಸ್ವಾಮಿ, ನಿಮ್ಮ ತೆರಿಗೆ ನೀತಿ ಎಂತದ್ದು?" ಎಂದು ಶುರುಮಾಡುತ್ತಿದ್ದರು. ಹಿಂದಿನ ಸಾಲು ಇಂದಿಗೂ ಬಿಸಿಲಿನಲ್ಲಿ ನಿಂತೇ ಇರುತ್ತಿತ್ತು.

ಮಾವ ಅಮೆರಿಕ ನೋಡಿದವರಲ್ಲ. ಮೂವತ್ತು ವರ್ಷಗಳಿಂದ ಮಸ್ಕತ್ತಿನ ಮತ್ರಾ ಸೂಕ್‌ನ ಅಂದರೆ ಹಳೇ ಪೇಟೆಯ ಒಂದು ಓಣಿಯಲ್ಲಿ, ಸೇಠರೊಬ್ಬರ ಅಂಗಡಿಯಲ್ಲಿ ಶಾಲು ಮಾರುತ್ತಿದ್ದಾರೆ. ಓದಿದ್ದು ಏಳನೇ ಕ್ಲಾಸು. ಊರಿನ ಪಂಚಾಯಿತಿ ಸದಸ್ಯ ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅಮೆರಿಕದ ಸೆನೆಟ್ಟಿನಲ್ಲಿ ಯಾವ ಮಸೂದೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕೇಳಿ ನೋಡಿ! ಬೇಡ, ಕೇಳಬೇಡಿ. ನಿಮಗೂ ಮನೆ ಮಠ ಇರುತ್ತದೆ.

ನಮ್ಮ ಮನೆಮಾತು ತುಳು. ಮೀನು, ಮದುವೆ, ಮೊಣಕಾಲು ನೋವು ಎಲ್ಲಕ್ಕೂ ತುಳುವೇ. ಅಮೆರಿಕದ ವಿಷಯ ಬಂದ ಕೂಡಲೇ ಮಾತ್ರ ಮಾವ ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ಬರುತ್ತಾರೆ. ಅಂಥ ಘನ ವಿಷಯಗಳನ್ನು ಪೇಪರಿನ ಭಾಷೆಯಲ್ಲೇ ಆಡಬೇಕಂತೆ!

"ಅಲ್ಲ ಮಾವ, ಅಲ್ಲಿ ಯಾರು ಗೆದ್ದರೆ ನಿಮಗೇನು?" ಎಂದು ಒಮ್ಮೆ ಕೇಳಿದೆ.

"ನನಗೇನಾ? ನಮ್ಮ ರಿಯಾಲನ್ನು ಡಾಲರಿನ ಬಾಲಕ್ಕೆ ಕಟ್ಟಿ ಹಾಕಿದ್ದಾರೆ ಮಾರಾಯ. ಅದು ಎದ್ದರೆ ನಾವೂ ಏಳಬೇಕು, ಕೂತರೆ ಕೂರಬೇಕು. ಹಾಗಿರುವಾಗ ನಾನು ಕೇಳದೆ ನಿನ್ನ ಹೆಂಡತಿ ಕೇಳಬೇಕಾ?"

ಅಡುಗೆಮನೆಯಿಂದ ನನ್ನ ಹೆಂಡತಿಯ ಧ್ವನಿ ಬಂತು: "ಸಾರಿಗೆ ಹುಳಿ ಜಾಸ್ತಿಯಾ ಕಡಿಮೆಯಾ, ಅದೊಂದು ಹೇಳಿ ಮಾವ. ನನಗೆ ಅಷ್ಟೇ ಚುನಾವಣೆ ಸಾಕು."

ಅಮೆರಿಕದಲ್ಲಿ ಒಂದು ಪಕ್ಷದ ಗುರುತು ಆನೆ, ಇನ್ನೊಂದರದ್ದು ಕತ್ತೆ. ಸ್ಥೂಲವಾಗಿ ಹೇಳುವುದಾದರೆ ಆನೆಯವರಿಗೆ ತೆರಿಗೆ ಇಳಿಸುವ ಹುಚ್ಚು, ಕತ್ತೆಯವರಿಗೆ ಶ್ರೀಮಂತರ ತೆರಿಗೆ ಏರಿಸುವ ಹುಚ್ಚು. ಇದನ್ನು ಮಾವ ತಮ್ಮ ರೂಮಿನವರಿಗೆಲ್ಲ ಪಾಠ ಮಾಡಿದ್ದಾರೆ. ರೂಮಿನಲ್ಲಿ ನಾಲ್ವರು. ಅವರಲ್ಲಿ ಹಿರಿಯರು ಪಕ್ಕದ ಅತ್ತರಿನ ಅಂಗಡಿಯ ಹಮೀದ್ ಬ್ಯಾರಿ, ನಮಗೆಲ್ಲ ಹಮೀದಾಕ. ಪಾಠ ಕೇಳಿದ ಹಮೀದಾಕ ಕೇಳಿದ್ದು ಒಂದೇ ಪ್ರಶ್ನೆ: "ಕತ್ತೆ ಗುರುತು ಹಿಡ್ಕೊಂಡು ನಮ್ಮ ಉಳ್ಳಾಲದಲ್ಲಿ ಓಟು ಕೇಳ್ಲಿಕ್ಕೆ ಹೋದ್ರೆ ಠೇವಣಿ ಬಿಡಿ, ಚಾ ಆದ್ರೂ ಸಿಗ್ತದಾ?"

ಪಾಠ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಮೆರಿಕದ ಸರಕಾರ ಬಜೆಟ್ ಜಗಳದಲ್ಲಿ ಬಾಗಿಲು ಮುಚ್ಚಿ ಕೂತಿತಲ್ಲ, ಆ ಸುದ್ದಿ ಓದಿ ಮಾವನಿಗೆ ಹೊಸ ಚೈತನ್ಯ ಬಂತು. ಅದೇ ವಾರ ರೂಮಿನ ಮೆಸ್ಸಿನಲ್ಲಿ ಹಮೀದಾಕನ ಪಕ್ಷ ಎಲ್ಲರಿಗೂ ವಾರಕ್ಕೆ ಮೂರು ಸಲ ದುಬಾರಿ ಅಂಜಲ್ ಮೀನು ಬೇಕೆಂದು ಬೇಡಿಕೆ ಇಟ್ಟಿತು. ಮಾವನ ಪಕ್ಷ ಒಂದೇ ಸಲ ಎಂದು ಪಟ್ಟು ಹಿಡಿಯಿತು. ಎರಡು ಕಡೆಯೂ ಎರಡೆರಡು ಮತ! ಮಾವ ಎದ್ದು ಗ್ಯಾಸ್ ಬಂದ್ ಮಾಡಿ ಘೋಷಿಸಿದರು: "ಬಜೆಟ್ ಪಾಸಾಗಲಿಲ್ಲ. ಅಡುಗೆಮನೆ ಶಟ್‌ಡೌನ್. ಖಲಾಸ್!"

ಎರಡು ದಿನ ನಾಲ್ಕು ಜನ ಖುಬ್ಬೂಸ್ ರೊಟ್ಟಿ ಮತ್ತು ಮೊಸರಿನಲ್ಲಿ ಪ್ರಜಾಪ್ರಭುತ್ವವನ್ನು ಕಾಪಾಡಿದರು. ಮೂರನೇ ದಿನ ಹಮೀದಾಕ ಯಾರಿಗೂ ಹೇಳದೆ ಕೋಳಿ ಬಿರಿಯಾನಿ ಮಾಡಿ ಮುಚ್ಚಳ ತೆಗೆದರು. ಪರಿಮಳ ಬಂದದ್ದೇ ತಡ, ಬಜೆಟ್ ಸರ್ವಾನುಮತದಿಂದ ಪಾಸು. ತಟ್ಟೆ ಹಿಡಿದು ಮೊದಲು ನಿಂತದ್ದು ವಿರೋಧ ಪಕ್ಷದ ನಾಯಕರಾದ ಮಾವನೇ!

ಅಂಗಡಿಯ ಕತೆ ಇನ್ನೂ ಚೆಂದ. ಚಳಿಗಾಲದಲ್ಲಿ ಮತ್ರಾ ಬಂದರಿಗೆ ಪ್ರವಾಸಿ ಹಡಗುಗಳು ಬರುತ್ತವೆ. ಅಮೆರಿಕನ್ನರು ಗುಂಪು ಗುಂಪಾಗಿ ಸೂಕ್‌ಗೆ ಇಳಿಯುತ್ತಾರೆ. ಉಳಿದ ಅಂಗಡಿಯವರು "ವೆಲ್ಕಮ್ ಸರ್, ಗುಡ್ ಪ್ರೈಸ್" ಎಂದು ಕರೆದರೆ ಮಾವ ಕರೆಯುವುದು ಹೀಗೆ: "ವೆಲ್ಕಮ್ ಸರ್! ಎಲಿಫೆಂಟ್ ಆರ್ ಡಾಂಕಿ?"

ಇದನ್ನು ಕೇಳಿ ಸೇಠರಿಗೆ ಮೈ ಉರಿಯುತ್ತಿತ್ತು. "ಇನ್ನೊಮ್ಮೆ ಆ ಪ್ರಾಣಿಗಳ ಹೆಸರೆತ್ತಿದರೆ ಊರಿಗೆ ಟಿಕೆಟ್" ಎಂದು ಹೆದರಿಸಿಯೂ ಆಗಿತ್ತು. ಹಾಗಿರುವಾಗ ಒಂದು ದಿನ ವಯಸ್ಸಾದ ದಂಪತಿ ಬಂದರು. ಹೆಂಡತಿ ಒಂದು ಶಾಲು ಹಿಡಿದು ಚೌಕಾಸಿ ಮಾಡುತ್ತಿದ್ದಳು. ಮಾವ ತಡೆಯಲಾರದೆ ಕೇಳಿಯೇಬಿಟ್ಟರು. ಗಂಡ "ಎಲಿಫೆಂಟ್" ಎಂದ, ಅದೇ ಉಸಿರಿನಲ್ಲಿ ಹೆಂಡತಿ "ಡಾಂಕಿ" ಎಂದಳು. ಮಾವ, "ದೆನ್ ಹೂ ಈಸ್ ಪೇಯಿಂಗ್ ದಿ ಟ್ಯಾಕ್ಸ್ ಇನ್ ಯುವರ್ ಹೌಸ್?" ಎಂದರು. ಮುಗಿಯಿತು! ಗಂಡ ಹೆಂಡತಿ ಅಂಗಡಿಯ ಮಧ್ಯದಲ್ಲೇ ಶುರುಮಾಡಿದರು. ಆರೋಗ್ಯ ವಿಮೆಯಿಂದ ಹೊರಟ ಜಗಳ ಅಳಿಯನವರೆಗೆ ಹೋಯಿತು. ಗಂಡ ಕೈ ಕೊಡವಿಕೊಂಡು ಹಡಗಿನ ಕಡೆ ನಡೆದ. ಹೆಂಡತಿ ಆ ಸಿಟ್ಟಿನಲ್ಲಿ ಚೌಕಾಸಿಯನ್ನೇ ಮರೆತು ಆರು ಶಾಲು ಕಟ್ಟಿಸಿ, ಗಂಡನ ಕಾರ್ಡನ್ನು ಉಜ್ಜಿ ಹೋದಳು.

ಸೇಠರು ಸ್ವಲ್ಪ ಹೊತ್ತು ಯೋಚಿಸಿ ಹೊಸ ನಿಯಮ ಮಾಡಿದರು: "ಒಬ್ಬೊಬ್ಬರೇ ಬಂದರೆ ಬೇಡ. ಜೋಡಿ ಬಂದರೆ ಕೇಳು."

ಇಂಥ ಮಾವ ಪ್ರತಿ ಶುಕ್ರವಾರ ಬಸ್ಸು ಹತ್ತಿ ಮಸ್ಕತ್ತಿನದೇ ಬೌಷರ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಾರೆ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಮ್ಮ ಬೀಡಿ ಕಟ್ಟಿದ ಮನೆಯಲ್ಲಿ ಡಿಗ್ರಿ ಎಂಬುದನ್ನು ಕಂಡ ಮೊದಲಿಗ ನಾನು. ಆ ಸರ್ಟಿಫಿಕೇಟು ನಮ್ಮ ಹಾಲ್‌ನಲ್ಲಿ ಸೋಫಾದ ಮೇಲ್ಗಡೆ ತೂಗುತ್ತದೆ. ಅದಕ್ಕೆ ಮತ್ರಾದಲ್ಲಿ ಕಟ್ಟು ಹಾಕಿಸಿ, ಅಂಗಡಿಯ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು ಮಾವನೇ. ಅದರ ಕೆಳಗೇ ಕೂತು ನನ್ನ ಎಂ.ಎ.ಯನ್ನು ಮೂರು ಗಂಟೆ ಅರೆಯುತ್ತಾರೆ!

ಇದು ನಾನು ಕಾಲೇಜು ಸೇರಿದಂದಿನಿಂದ ನಡೆದು ಬಂದ ಪದ್ಧತಿ. ಆಗ ಅವರು ಶುಕ್ರವಾರ ಊರಿನಲ್ಲಿ ನಮ್ಮ ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದರು. "ಮಾವ, ನಮಗೆ ಅಮೆರಿಕದ ತೆರಿಗೆ ಪದ್ಧತಿ ಪಾಠಕ್ಕುಂಟು" ಎಂದು ಒಮ್ಮೆ ಜಂಬ ಕೊಚ್ಚಿದ್ದೆ. ಶ್ರೀಮಂತರಿಗೆ ತೆರಿಗೆ ಹಾಕಬೇಕೆಂಬುದು ಆಗಿನ ನನ್ನ ಮತ. ಮಾವ ಮುಂದಿನ ಶುಕ್ರವಾರವೇ ಆನೆ ಹತ್ತಿ ಬಂದರು! ನಾನು ಸಂಬಳ ಎಣಿಸತೊಡಗಿದ ಮೇಲೆ ತೆರಿಗೆ ಇಳಿಸುವುದೇ ಸರಿ ಎನ್ನತೊಡಗಿದೆ. ಮಾವ ಆನೆಯಿಂದಿಳಿದು ಕತ್ತೆಯ ಪಕ್ಕ ನಿಂತರು. ಒಮಾನಿನಲ್ಲಿ ಆದಾಯ ತೆರಿಗೆಯೇ ಇಲ್ಲ. ಜನ್ಮದಲ್ಲಿ ಒಂದು ಪೈಸೆ ಆದಾಯ ತೆರಿಗೆ ಕಟ್ಟದ ಇಬ್ಬರು, ಪರದೇಶದ ತೆರಿಗೆಗಾಗಿ ಊಟ ತಣ್ಣಗಾಗುವವರೆಗೆ ಜಗಳವಾಡಿದೆವು. ಮಾವನಿಗೆ ಸ್ಥಿರವಾದ ಅಭಿಪ್ರಾಯವೇ ಇಲ್ಲವಲ್ಲ ಎಂದು ನಾನು ಹೆಂಡತಿಯ ಬಳಿ ನಗುತ್ತಿದ್ದೆ.

ಆಮೇಲೆ ಸುಂಕದ ಗಲಾಟೆ ಬಂತು. ಅಮೆರಿಕ ಎಲ್ಲ ದೇಶಗಳ ಸಾಮಾನಿಗೂ ಆಮದು ಸುಂಕ ಹಾಕಿತು. ಸುಂಕವನ್ನು ಕೊನೆಗೆ ಹೊರುವವನು ಅಲ್ಲಿಯ ಗಿರಾಕಿಯೇ ಎಂದು ನಾನು. ಹೊರಗಿನ ವ್ಯಾಪಾರಿಯೇ ಹೊರುತ್ತಾನೆ, ಹಾಕಿದ್ದು ಸರಿ ಎಂದು ಮಾವ. ಆ ಶುಕ್ರವಾರ ನನ್ನ ಮ್ಯಾನೇಜರು ಮೊದಲ ಬಾರಿಗೆ ಊಟಕ್ಕೆ ಬಂದಿದ್ದರು. ಮಾವ ತಮ್ಮ ಸೂಕ್ ಇಂಗ್ಲಿಷಿನಲ್ಲಿ ಅವರ ಮೊಣಕೈ ಹಿಡಿದು, "ಟೆಲ್ ಸರ್, ಟ್ಯಾರಿಫ್ ಗುಡ್ ಆರ್ ಬ್ಯಾಡ್? ಮೈ ನೆಫ್ಯೂ ಈಸ್ ನಾಟ್ ನೋಯಿಂಗ್" ಎಂದರು. ಮ್ಯಾನೇಜರು ಮಜವಾಗಿ ನಕ್ಕರು. ನನಗೆ ನಗು ಬರಲಿಲ್ಲ. ಸರ್ಟಿಫಿಕೇಟಿನ ಕಡೆ ಕೈ ತೋರಿಸಿ ಕನ್ನಡದಲ್ಲಿ ಹೇಳಿಬಿಟ್ಟೆ: "ಅದನ್ನು ಓದಿ ತೆಗೆದುಕೊಂಡವನು ನಾನು. ಏಳನೇ ಕ್ಲಾಸಿನವರಿಗೆ ಇದೆಲ್ಲ ಅರ್ಥ ಆಗುವುದಿಲ್ಲ ಮಾವ. ಸುಮ್ಮನಿರಿ."

ಮಾವ ಸರ್ಟಿಫಿಕೇಟನ್ನೊಮ್ಮೆ ನೋಡಿದರು. "ಅದು ಹೌದು" ಎಂದರು. ತುಳುವಿನಲ್ಲಿ.

ಮುಂದಿನ ಶುಕ್ರವಾರವೂ ಬಂದರು. ನಾನು ಏನು ಹೇಳಿದರೂ, "ನೀನು ಹೇಳಿದ್ದೇ ಸರಿ ಮಗ." ಕಾಲು ಗಂಟೆಯಲ್ಲಿ ಊಟ ಮುಗಿಯಿತು. ಫ್ಯಾನಿನ ಸದ್ದು ಅಷ್ಟು ಜೋರೆಂದು ನನಗೆ ಗೊತ್ತೇ ಇರಲಿಲ್ಲ. ಮಗಳು, "ಅಪ್ಪಾ, ವೈ ಈಸ್ ಅಜ್ಜ ನಾಟ್ ಫೈಟಿಂಗ್?" ಎಂದು ಕೇಳಿದಳು. ಅದರ ನಂತರ ಮೂರು ಶುಕ್ರವಾರ ಮಾವ ಬರಲೇ ಇಲ್ಲ. ಹಡಗಿನ ಸೀಸನ್ ಅಂತೆ, ರಜೆ ಇಲ್ಲವಂತೆ. ಇಷ್ಟು ವರ್ಷ ಶುಕ್ರವಾರಕ್ಕೆ ಅಡ್ಡ ಬರದ ಸೀಸನ್!

ನಾಲ್ಕನೇ ವಾರ ನಾನೇ ಮತ್ರಾಕ್ಕೆ ಹೋದೆ. ಮಾವ ಗೋದಾಮಿಗೆ ಹೋಗಿದ್ದರು. ಹಮೀದಾಕ ತಮ್ಮ ಅಂಗಡಿಯ ಸ್ಟೂಲನ್ನು ನನ್ನ ಕಡೆ ತಳ್ಳಿದರು.

"ಕೂತ್ಕೊಳ್ಳಿ. ಎಂತ ಹೇಳಿದ್ರಿ ನೀವು ಅವನಿಗೆ? ಈಗ ಹಡಗಿನವರು ಬಂದ್ರೂ ಆನೆ ಇಲ್ಲ, ಕತ್ತೆ ಇಲ್ಲ. ಸೇಠರೇ ಬೇಜಾರಲ್ಲಿದ್ದಾರೆ."

ನಾನು ಹೇಳಿದೆ. ಅವರು ಅತ್ತರಿನ ಬಾಟಲಿಯೊಂದನ್ನು ಒರೆಸಿ ಇಟ್ಟರು.

"ಮೊದಲು ಇವ ಪೇಪರಿನಲ್ಲಿ ಸಿನಿಮಾ ಪುಟ ಬಿಟ್ಟು ಬೇರೆ ನೋಡಿದವನಲ್ಲ ಮಾರಾಯ್ರೇ. ನೀವು ಕಾಲೇಜಿಗೆ ಸೇರಿದ್ರಲ್ಲ, ನಿಮಗೆ ಫೋನ್ ಮಾಡಿ ಬಂದು ಇದೇ ಸ್ಟೂಲಿನಲ್ಲಿ ಕೂತ್ಕೊಳ್ತಿದ್ದ. 'ಊಟ ಆಯ್ತಾ ಅಂತ ಕೇಳ್ತೇನೆ, ಆಯ್ತು ಅಂತಾನೆ. ಮತ್ತೆ ಎಂತ ಕೇಳುವುದು ಹಮೀದಾಕ? ಹುಡುಗ ಓದ್ತಾ ಓದ್ತಾ ದೂರ ಹೋಗ್ತಾ ಇದ್ದಾನೆ' ಅಂತ. ಒಂದು ವಾರ ನೀವು ಅಮೆರಿಕ ಅಂದ್ರಂತೆ. ಹಡಗಿನವರು ಬಿಟ್ಟು ಹೋದ ಪೇಪರನ್ನು ಡಿಕ್ಷನರಿ ಹಿಡ್ಕೊಂಡು ಓದ್ಲಿಕ್ಕೆ ಶುರುಮಾಡಿದ. ನಿನ್ನ ಪಕ್ಷ ಯಾವುದಾ ಅಂತ ನಾನು ಕೇಳಿದೆ. 'ಅಳಿಯ ಯಾವುದು ಹೇಳ್ತಾನೋ ಅದರ ಎದುರಿನದ್ದು. ಒಪ್ಪಿದ್ರೆ ಅವ ಫೋನ್ ಇಡ್ತಾನೆ' ಅಂದ."

ಮಾವ ಬರುವವರೆಗೆ ಅಲ್ಲಿ ಕೂರಲು ನನಗೆ ಮುಖವಿರಲಿಲ್ಲ. ಓಣಿ ದಾಟಿ ಸಮುದ್ರದ ದಂಡೆಯ ಕಟ್ಟೆಯ ಮೇಲೆ ಕೂತೆ. ಎದುರಿಗೆ ಬಿಳಿ ಹಡಗೊಂದು ನಿಂತಿತ್ತು. ಫೋನ್ ಮಾಡಿದೆ.

"ಹಲೋ. ಊಟ ಆಯ್ತಾ ಮಗ?" ಎಂದರು, ತುಳುವಿನಲ್ಲಿ.

"ಆಯ್ತು" ಎಂದೆ. ಅವರ ಪ್ರಶ್ನೆಗಳು ಅಲ್ಲಿಗೆ ಮುಗಿದವು. ನಾನು ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ಬಂದೆ. "ಮಾವ, ನಾನು ಯೋಚನೆ ಮಾಡಿದೆ. ಅಮೆರಿಕದವರು ಸುಂಕ ಹಾಕಿದ್ದೇ ಸರಿ."

ಅತ್ತ ಕಡೆ ಯಾರೋ ಕುರ್ಚಿ ಎಳೆದ ಸದ್ದು.

"ಎಂತ ಹೇಳಿದಿ?" ಮಾವನ ಕನ್ನಡ! "ಸರಿಯಾ? ತಲೆ ಉಂಟಾ ನಿನಗೆ? ನಾಳೆ ಈ ಶಾಲಿಗೆ ಸುಂಕ ಹಾಕಿದ್ರೆ ಸೇಠ್ ತನ್ನ ಕೈಯಿಂದ ಕೊಡ್ತಾನಾ? ರೇಟು ಏರಿಸ್ತಾನೆ. ಕೊನೆಗೆ ಹೊರುವವ ಯಾರು? ಅಂಗಡಿಗೆ ಬಂದ ಆ ಪಾಪದ ಗಿರಾಕಿ ಅಲ್ವಾ?"

ನನ್ನದೇ ವಾದ! ಅದೂ ನಾನು ಮ್ಯಾನೇಜರ ಮುಂದೆ ಹೇಳಿದ್ದಕ್ಕಿಂತ ಎಷ್ಟೋ ಸ್ಪಷ್ಟವಾಗಿ. ನನಗೆ ಕಣ್ಣು ಮಂಜಾಯಿತು. ಆದರೂ ಬಿಡಲಿಲ್ಲ. "ಇಲ್ಲ ಮಾವ, ನಿಮಗೆ ಗೊತ್ತಿಲ್ಲ..."

"ನನಗಾ ಗೊತ್ತಿಲ್ಲದ್ದು? ಇದು ಫೋನಿನಲ್ಲಿ ಮುಗಿಯುವ ಮಾತಲ್ಲ ಮಾರಾಯ. ಶುಕ್ರವಾರ ಬರ್ತೇನೆ. ನೀನು ಸ್ವಲ್ಪ ಓದಿಕೊಂಡು ಕೂತಿರು!"